ಖಾಲಿ ಮಣೆಯ ಕತೆ

ಗೋಡೌನ್ ನೋಡಿದವರಿಗೆಲ್ಲ ಪ್ಯಾಲೆಟ್ ಗೊತ್ತು. ಮೇಲೆ ಒಂದಿಷ್ಟು ಹಲಗೆ, ಕೆಳಗೆ ಮತ್ತೊಂದಿಷ್ಟು ಹಲಗೆ, ನಡುವೆ ಫೋರ್ಕ್‌ಲಿಫ್ಟ್‌ನ ಕೋಡು ತೂರುವಷ್ಟು ಜಾಗ. ನಮ್ಮ ಊಟದ ಮಣೆಯ ದೊಡ್ಡಣ್ಣ ಅನ್ನಿ! ಇದರ ಮೇಲೆ ಪೆಟ್ಟಿಗೆಗಳನ್ನು ಪೇರಿಸಿಟ್ಟರೆ ಇಡೀ ರಾಶಿಯನ್ನು ಒಂದೇ ಸಲಕ್ಕೆ ಎತ್ತಿ ಲಾರಿಗೆ ಹಾಕಬಹುದು. ಮಣೆಗೂ ಒಂದು ಇತಿಹಾಸವೇ ಅಂತ ನಗಬೇಡಿ. ಸಾಗಣೆಯ ಕೆಲಸವನ್ನು ಕಂಪನಿಗಳು ಹೊರಗಿನವರಿಗೆ ವಹಿಸಿಕೊಡುವುದು, ಸರಕು ಹೋದ ದಾರಿಯಲ್ಲೇ ಖಾಲಿ ಸಾಮಾನನ್ನು ಹಿಂದಕ್ಕೆ ತರುವುದು.. ಈ ಎರಡನ್ನೂ ಅರ್ಥ ಮಾಡಿಸಲು ಇದರಷ್ಟು ಒಳ್ಳೆಯ ವಸ್ತು ನನಗೆ ಇನ್ನೊಂದು ಸಿಕ್ಕಿಲ್ಲ. ಎರಡನೆಯದಕ್ಕೆ ರಿವರ್ಸ್ ಲಾಜಿಸ್ಟಿಕ್ಸ್ ಅಂತ ದೊಡ್ಡ ಹೆಸರಿದೆ.

ಈ ಕತೆ ಶುರುವಾಗುವುದು ಎರಡನೇ ಮಹಾಯುದ್ಧದಲ್ಲಿ, ದೂರದ ಆಸ್ಟ್ರೇಲಿಯಾದಲ್ಲಿ. 1942ರ ಮಾರ್ಚ್‌ನಲ್ಲಿ ಜನರಲ್ ಮ್ಯಾಕ್‌ಆರ್ಥರ್ ಫಿಲಿಪೈನ್ಸ್ ಬಿಟ್ಟು ಆಸ್ಟ್ರೇಲಿಯಾಕ್ಕೆ ಬಂದ. ಜಪಾನಿನ ವಿರುದ್ಧದ ಹೋರಾಟಕ್ಕೆ ಆ ದೇಶವೇ ದೊಡ್ಡ ಉಗ್ರಾಣವಾಯಿತು. ಆಹಾರ, ಮದ್ದುಗುಂಡು, ಬಿಡಿಭಾಗ ಎಲ್ಲವೂ ಹಡಗಿನಿಂದ ಇಳಿಯಬೇಕು, ಮತ್ತೆ ಹಡಗು ಹತ್ತಬೇಕು. ಒಂದೊಂದೇ ಪೆಟ್ಟಿಗೆಯನ್ನು ಕೈಯಲ್ಲಿ ಹೊತ್ತು ಇಳಿಸುತ್ತಾ ಕೂತರೆ ಯುದ್ಧ ಮುಗಿದುಹೋಗುತ್ತೆ ಅಷ್ಟೇ. ಹಾಗಾಗಿ ಅಮೆರಿಕನ್ನರು ಫೋರ್ಕ್‌ಲಿಫ್ಟ್, ಕ್ರೇನು, ಪ್ಯಾಲೆಟ್ಟು ಎಲ್ಲವನ್ನೂ ತಂದು ಸುರಿದರು.

ಯುದ್ಧ ಮುಗಿಯಿತು, ಸೈನ್ಯ ಹೊರಟಿತು. ಬಿಟ್ಟುಹೋದ ಸಾಮಾನನ್ನು ಆಸ್ಟ್ರೇಲಿಯಾ ಸರ್ಕಾರ ಗುಜರಿಗೆ ಹಾಕಲಿಲ್ಲ. ಕಾಮನ್‌ವೆಲ್ತ್ ಹ್ಯಾಂಡ್ಲಿಂಗ್ ಈಕ್ವಿಪ್‌ಮೆಂಟ್ ಪೂಲ್ ಅಂತ ಒಂದು ವ್ಯವಸ್ಥೆ ಮಾಡಿ, ಎಲ್ಲವನ್ನೂ ಒಂದೆಡೆ ಸೇರಿಸಿ ಬೇಕಾದವರು ಬಳಸುವಂತೆ ಮಾಡಿತು. ಆ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳೇ ಮುಂದೆ 'ಚೆಪ್' ಆದವು. 1958ರಲ್ಲಿ ಸರ್ಕಾರ ಇದನ್ನು ಬ್ರ್ಯಾಂಬಲ್ಸ್ ಅನ್ನುವ ಕಂಪನಿಗೆ ಮಾರಿತು. ಆ ಕಂಪನಿಯ ಮೂಲ ಕೇಳಿದರೆ ಆಶ್ಚರ್ಯವಾಗುತ್ತೆ: 1875ರಲ್ಲಿ ವಾಲ್ಟರ್ ಬ್ರ್ಯಾಂಬಲ್ ಎಂಬಾತ ನ್ಯೂಕ್ಯಾಸಲ್‌ನಲ್ಲಿ ಶುರುಮಾಡಿದ ಮಾಂಸದ ವ್ಯಾಪಾರ ಅದು! ಆಮೇಲೆ ಸಾಗಣೆಗೆ ಇಳಿದು ಬೆಳೆದದ್ದು.

ಚೆಪ್ ಮಣೆಯನ್ನು ಮಾರುವುದಿಲ್ಲ, ಬಾಡಿಗೆಗೆ ಕೊಡುತ್ತದೆ. ಬಿಸ್ಕತ್ತು ಮಾಡುವವನಿಗೆ ಬಿಸ್ಕತ್ತು ಮಾಡುವುದು ಗೊತ್ತು. ಸಾವಿರಾರು ಮಣೆ ಕೊಂಡು, ಮುರಿದದ್ದನ್ನು ರಿಪೇರಿ ಮಾಡಿಸಿ, ಯಾವ ಊರಲ್ಲಿ ಎಷ್ಟು ಖಾಲಿ ಬಿದ್ದಿವೆ ಅಂತ ಹುಡುಕಿಕೊಂಡು ಹೋಗುವುದು ಅವನಿಗೆ ತಲೆನೋವು. ಆ ತಲೆನೋವನ್ನು ದುಡ್ಡು ತೆಗೆದುಕೊಂಡು ಹೊರುವುದೇ ಚೆಪ್‌ನ ವ್ಯಾಪಾರ. ಮಣೆಗೆಲ್ಲ ನೀಲಿ ಬಣ್ಣ. ಆಸ್ಟ್ರೇಲಿಯಾದಲ್ಲಿ ಇದಕ್ಕೊಂದು ಲೆಕ್ಕದ ಕ್ರಮವೂ ಬೆಳೆಯಿತು. ಸರಕು ಕಳಿಸಿದವನು ಮಣೆಯನ್ನು ಪಡೆದವನ ಖಾತೆಗೆ ಚೀಟಿ ಬರೆದು ವರ್ಗಾಯಿಸುತ್ತಾನೆ. ಆ ಗಳಿಗೆಯಿಂದ ಬಾಡಿಗೆ ಮೀಟರ್ ಪಡೆದವನ ತಲೆ ಮೇಲೆ ಓಡುತ್ತೆ. ಖಾಲಿ ಮಣೆಯನ್ನು ಹಿತ್ತಲಲ್ಲಿ ಇಟ್ಟುಕೊಂಡಷ್ಟು ದಿನವೂ ಖರ್ಚು. ಹಾಗಿರುವಾಗ ವಾಪಸು ಕಳಿಸದೆ ಏನು ಮಾಡುತ್ತಾನೆ?

ನನ್ನ ಪ್ರಕಾರ ಇಡೀ ವಿಷಯದ ಗುಟ್ಟು ಇರುವುದು ಇಲ್ಲೇ. ಮುಂದಕ್ಕೆ ಹೋಗುವ ಸರಕಿಗೆ ಕಾಯುವವರಿದ್ದಾರೆ. ತಡವಾದರೆ ಫೋನ್ ಬರುತ್ತೆ, ಬೈಗುಳ ಬರುತ್ತೆ. ಹಿಂದಕ್ಕೆ ಬರುವ ಖಾಲಿಗೆ ಯಾರೂ ಕಾಯುವುದಿಲ್ಲ. ಅದು ಬರಬೇಕು ಅಂದರೆ, ಬರದಿದ್ದಾಗ ಯಾರಿಗಾದರೂ ನೋಯಬೇಕು.

ಚೆಪ್ 1970ರ ದಶಕದಲ್ಲಿ ಬ್ರಿಟನ್ನಿಗೆ, 1990ರಲ್ಲಿ ಅಮೆರಿಕಕ್ಕೆ ಹೋಯಿತು. ಅಲ್ಲಿ ಬಾಡಿಗೆ ಕಟ್ಟುತ್ತಿದ್ದವನು ಹೆಚ್ಚಾಗಿ ಸರಕು ತಯಾರಿಸುವವನು. ಮಣೆ ಕೊನೆಗೆ ಬಂದು ಬೀಳುತ್ತಿದ್ದದ್ದು ಅಂಗಡಿಯವನ ಹಿತ್ತಲಲ್ಲಿ. ಅವನಿಗೆ ಅದು ಬರೀ ಜಾಗ ತಿನ್ನುವ ಕಟ್ಟಿಗೆ! ಹಳೆ ಪ್ಯಾಲೆಟ್ ಕೊಂಡು ರಿಪೇರಿ ಮಾಡಿ ಮಾರುವ ಗುಜರಿಯವರು ಬಂದು ಕೇಳಿದರೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದ. ಚೆಪ್ ಕಂಪನಿ "ನೀಲಿ ಮಣೆ ನಮ್ಮದು, ನಾವು ಯಾರಿಗೂ ಮಾರಿಲ್ಲ" ಎಂದಿತು. ಗುಜರಿಯವರು "ನಿಮ್ಮ ಮಣೆ ಆಯ್ದು, ಸಾಗಿಸಿ, ಇಟ್ಟುಕೊಂಡ ಕೂಲಿ ಯಾರು ಕೊಡುತ್ತಾರೆ?" ಎಂದರು. ಜಗಳ ಕೋರ್ಟಿಗೂ ಹೋಯಿತು. ಕೊನೆಗೆ ತನ್ನದೇ ಮಣೆ ವಾಪಸು ಕೊಟ್ಟವರಿಗೆ ಚೆಪ್ ದುಡ್ಡು ಕೊಡುವ ಏರ್ಪಾಡು ಮಾಡಿಕೊಳ್ಳಬೇಕಾಯಿತು. ಗುಜರಿಯವರ ಪ್ರಶ್ನೆ ನನಗಂತೂ ನ್ಯಾಯವಾಗೇ ಕಾಣುತ್ತದೆ.

ದೊಡ್ಡ ಪೆಟ್ಟು ಬಿದ್ದದ್ದು 2002ರಲ್ಲಿ, ಯುರೋಪಿನಲ್ಲಿ. ಲೆಕ್ಕ ಹಾಕಿ ನೋಡಿದರೆ ಒಂದು ಕೋಟಿಗೂ ಹೆಚ್ಚು ಮಣೆಗಳ ಪತ್ತೆಯೇ ಇಲ್ಲ! ಬ್ರ್ಯಾಂಬಲ್ಸ್ ಷೇರು ನೆಲಕಚ್ಚಿತು. ಮಣೆ ಕಳುಹಿಸುವುದರಲ್ಲಿ ಜಗತ್ತಿಗೇ ಹೆಸರಾದ ಕಂಪನಿ ಅದು. ಕಳುಹಿಸಿದ್ದರ ಲೆಕ್ಕ ಪಕ್ಕಾ ಇತ್ತು, ಬಂದದ್ದರ ಲೆಕ್ಕ ಸಡಿಲವಾಗಿತ್ತು.

ತಂತ್ರಜ್ಞಾನ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಅನ್ನುವವರಿದ್ದಾರೆ. ಅವರಿಗೆ ಐಜಿಪಿಎಸ್ ಅನ್ನುವ ಅಮೆರಿಕದ ಕಂಪನಿಯ ಕತೆ ಹೇಳಬೇಕು. 2006ರಲ್ಲಿ ಚೆಪ್‌ನ ಹಳಬರೇ ಕಟ್ಟಿದ್ದು. ಮರದ ಬದಲು ಪ್ಲಾಸ್ಟಿಕ್ ಮಣೆ, ಪ್ರತಿಯೊಂದರೊಳಗೂ ಆರ್‌ಎಫ್‌ಐಡಿ ಚೀಟಿ. ಆದರೂ ಮಣೆಗಳು ಕಳೆದವು. 2013ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಚೀಟಿ ಓದುವ ಯಂತ್ರ ಇರುವ ಕಡೆ ಮಣೆ ಹೋದರೆ ತಾನೇ ಅದು ಎಲ್ಲಿದೆ ಅಂತ ಗೊತ್ತಾಗೋದು!

ಇನ್ನು ನಮ್ಮ ಕಡೆಗೆ ಬರೋಣ. ಬೆಂಗಳೂರಿನ ಹೊರವಲಯದಲ್ಲಿ ನಾನು ಕೆಲವು ಕಾಲ ಕೆಲಸ ಮಾಡಿದ ಗೋಡೌನಿನಲ್ಲಿ ಪ್ಯಾಲೆಟ್ಟಿಗೆ ಎರಡನೇ ಜನ್ಮ ತಪ್ಪದೆ ಇರುತ್ತಿತ್ತು. ಒಂದು ಕಾವಲುಗಾರನ ಮಂಚ, ಇನ್ನೊಂದು ಟೀ ಅಂಗಡಿಯ ಬೆಂಚು, ಮುರಿದದ್ದು ನೀರು ಕಾಯಿಸುವ ಒಲೆಗೆ. ಅದನ್ನು ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ವಾಪಸು ಕಳಿಸು ಅಂತ ಅವರಿಗೆ ಯಾರು ಎರಡು ರೂಪಾಯಿ ಕೊಟ್ಟಿದ್ದರು ಹೇಳಿ?

ಹಾಗಂತ ನಮಗೆ ಖಾಲಿ ವಾಪಸು ತರುವ ವಿದ್ಯೆ ಗೊತ್ತಿಲ್ಲ ಅಂತೇನಿಲ್ಲ. ಗೋಲಿಸೋಡಾ ಅಂಗಡಿಯವನು ಬಾಟಲಿ ಕೈಗೆ ವಾಪಸು ಬರುವ ತನಕ ನಿಮ್ಮನ್ನು ಕದಲಲು ಬಿಡುತ್ತಿರಲಿಲ್ಲ. ಅಡುಗೆ ಗ್ಯಾಸಿನ ಸಿಲಿಂಡರ್ ನೋಡಿ. 1955ರಲ್ಲಿ ಬರ್ಮಾ ಶೆಲ್ ಕಂಪನಿ ಮುಂಬಯಿಯಲ್ಲಿ ಶುರುಮಾಡಿದ್ದು ಇವತ್ತು ಹಳ್ಳಿಹಳ್ಳಿಗೂ ಬಂದಿದೆ. ಮನೆಗೆ ತಂದುಕೊಡುವವರು ತೈಲ ಕಂಪನಿಯ ನೌಕರರಲ್ಲ, ಹೊರಗಿನ ಏಜೆನ್ಸಿಯವರು. ಸಿಲಿಂಡರ್ ನಮ್ಮದಲ್ಲ, ಡೆಪಾಸಿಟ್ ಮಾತ್ರ ನಮ್ಮದು. ಖಾಲಿ ಕೊಟ್ಟರೆ ತುಂಬಿದ್ದು ಸಿಗುತ್ತದೆ, ಅದೇ ಗಾಡಿಯಲ್ಲಿ ಖಾಲಿ ಹಿಂದಕ್ಕೆ ಹೋಗುತ್ತದೆ. ಯಾವ ಆರ್‌ಎಫ್‌ಐಡಿಯೂ ಇಲ್ಲದೆ ಈ ಚಕ್ರ ದಶಕಗಳ ಕಾಲ ತಿರುಗಿತು. ಕಾರಣ ಇಷ್ಟೇ: ಖಾಲಿಯನ್ನು ಕೊಡದಿದ್ದರೆ ನಾಳೆ ಒಲೆ ಹತ್ತುವುದಿಲ್ಲ.

ಈಗ ಆನ್‌ಲೈನಿನಲ್ಲಿ ಅಂಗಿ ತರಿಸಿ, ಸರಿಹೋಗದಿದ್ದರೆ 'ಉಚಿತ' ರಿಟರ್ನ್ ಒತ್ತುತ್ತೇವೆ. ಉಚಿತ ನಮಗೆ ಮಾತ್ರ. ಆ ಅಂಗಿಯ ವಾಪಸು ದಾರಿಯ ಖರ್ಚನ್ನು ಮಾರಿದವನೋ, ಕೊರಿಯರ್ ಕಂಪನಿಯೋ, ಮಳೆಯಲ್ಲಿ ಎರಡನೇ ಸಲ ಮೆಟ್ಟಿಲು ಹತ್ತುವ ಹುಡುಗನೋ ಹೊತ್ತಿರುತ್ತಾರೆ. ವಾಪಸು ದಾರಿಯ ಖರ್ಚು ಯಾರದು ಅಂತ ಮೊದಲೇ ಮಾತಾಡಿಕೊಳ್ಳದಿದ್ದರೆ, ಅದು ಬೇಡ ಅನ್ನಲು ಆಗದವನ ಹೆಗಲಿಗೇ ಬಂದು ಕೂರುತ್ತದೆ. ನೀಲಿ ಮಣೆಯ ಇಷ್ಟು ವರ್ಷದ ಕತೆಯಿಂದ ನಾನು ಕಲಿತದ್ದು ಇಷ್ಟು.