ಸೊಂಟದ ಮೂಳೆ ಮುರಿದವರು ಮತ್ತೆ ನಡೆಯಲು ಫಿಸಿಯೋಥೆರಪಿ

ಮಳೆಗಾಲ ಶುರುವಾಯಿತೆಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ಹಿರಿಯರು ಬೀಳುವ ಸುದ್ದಿಯೂ ಶುರುವಾಗುತ್ತದೆ. ಪಾಚಿ ಕಟ್ಟಿದ ಅಂಗಳ, ಒದ್ದೆಯಾದ ಬಚ್ಚಲು, ರಾತ್ರಿ ಕರೆಂಟು ಹೋದಾಗ ತಡವರಿಸುವ ಕಾಲು. ಹೀಗೆ ಬಿದ್ದ ಹಿರಿಯರಲ್ಲಿ ಹೆಚ್ಚು ಅಪಾಯ ತರುವ ಗಾಯವೆಂದರೆ ನಾವು ಸೊಂಟದ ಮೂಳೆ ಮುರಿತ ಎಂದು ಕರೆಯುವ ಗಾಯ. ನಿಜವಾಗಿ ಮುರಿಯುವುದು ಸೊಂಟವಲ್ಲ, ತೊಡೆಯ ಮೂಳೆಯ ಮೇಲ್ತುದಿ. ಈ ಮುರಿತವಾದ ಹಿರಿಯರಲ್ಲಿ ಸರಿಸುಮಾರು ನಾಲ್ಕನೇ ಒಂದು ಭಾಗ ಜನ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆಂದು ಹಲವು ದೇಶಗಳ ವೈದ್ಯಕೀಯ ಅನುಭವ ಹೇಳುತ್ತದೆ. ಅನೇಕ ಸಲ ಪ್ರಾಣಕ್ಕೆ ಎರವಾಗುವುದು ಮುರಿದ ಮೂಳೆಯಲ್ಲ, ಅದರ ನಂತರದ ಹಾಸಿಗೆವಾಸ.

ಮಲಗಿಯೇ ಇರುವ ವೃದ್ಧರ ಸ್ನಾಯುಗಳು ದಿನದಿಂದ ದಿನಕ್ಕೆ ಕರಗುತ್ತವೆ. ಪೂರ್ತಿ ಹಾಸಿಗೆ ಹಿಡಿದರೆ ಸ್ನಾಯುಬಲ ದಿನಕ್ಕೆ ಶೇ. 1ರಷ್ಟು ಅಥವಾ ಅದಕ್ಕಿಂತ ಹೆಚ್ಚು ಕುಸಿಯುತ್ತದೆಂಬುದು ಸಾಮಾನ್ಯ ಅಂದಾಜು. ಶ್ವಾಸಕೋಶದ ತಳದಲ್ಲಿ ಕಫ ನಿಂತು ನ್ಯುಮೋನಿಯಾ ಬರುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಬೆನ್ನು ಮತ್ತು ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಆದುದರಿಂದ ಆಪರೇಷನನ್ನು ಸಾಧ್ಯವಾದಷ್ಟು ಬೇಗ ಮಾಡಿ, ಮರುದಿನವೇ ರೋಗಿಯನ್ನು ಎಬ್ಬಿಸಿ ನಿಲ್ಲಿಸಬೇಕೆಂಬುದು ಇಂದಿನ ಪದ್ಧತಿ. ಬ್ರಿಟನ್ನಿನ ನೈಸ್ ಸಂಸ್ಥೆ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿಯೂ, ವೈದ್ಯಕೀಯ ಅಡ್ಡಿ ಇಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ಮರುದಿನವೇ ನಡೆಸಲು ಆರಂಭಿಸಬೇಕೆಂದಿದೆ. ಈ ಕೆಲಸ ಮಾಡಿಸುವವರೇ ಫಿಸಿಯೋಥೆರಪಿಸ್ಟರು.

ನಮ್ಮಲ್ಲಿ ಫಿಸಿಯೋಥೆರಪಿ ಎಂದರೆ ಕರೆಂಟು ಕೊಡುವುದು, ಮಸಾಜು ಮಾಡುವುದು ಎಂಬ ಕಲ್ಪನೆ ಇನ್ನೂ ಹೋಗಿಲ್ಲ. ಯಂತ್ರಗಳಿಗೂ ಅವುಗಳದೇ ಸ್ಥಾನವಿದೆ. ಆದರೆ ಮುರಿತದ ನಂತರದ ಫಿಸಿಯೋಥೆರಪಿಯ ಜೀವಾಳ ವ್ಯಾಯಾಮ. ಅದನ್ನು ಮಾಡಬೇಕಾದವರು ರೋಗಿಯೇ. ಇಂಗ್ಲೆಂಡಿನಲ್ಲಿ 1894ರಲ್ಲಿ ನಾಲ್ವರು ನರ್ಸುಗಳು ಕಟ್ಟಿದ ಸಂಘದಿಂದ ಈ ವೃತ್ತಿಗೆ ಒಂದು ಶಿಸ್ತು ಬಂತು. ಭಾರತದಲ್ಲಿ 1950ರ ದಶಕದ ಆರಂಭದಲ್ಲಿ, ಪೋಲಿಯೋ ಹಾವಳಿಯ ಹಿನ್ನೆಲೆಯಲ್ಲಿ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಿಕ್ಷಣ ಶುರುವಾಯಿತು. ಇಂದು ಕಂಕನಾಡಿಯ ಫಾದರ್ ಮುಲ್ಲರ್ ಮತ್ತು ಮಣಿಪಾಲದ ಸಂಸ್ಥೆಗಳೂ ಸೇರಿ ನಮ್ಮ ಭಾಗದಲ್ಲೇ ಇದನ್ನು ಕಲಿಸುವ ಕಾಲೇಜುಗಳಿವೆ.

ಆಪರೇಷನ್ ಆದ ಮೊದಲ ದಿನಗಳು

ಮೂಳೆಯ ಕುತ್ತಿಗೆಯ ಭಾಗ ಮುರಿದಿದ್ದರೆ ಹಿರಿಯರಿಗೆ ಸಾಮಾನ್ಯವಾಗಿ ಮೂಳೆಯ ಗುಂಡು ತಲೆಯನ್ನು ತೆಗೆದು ಲೋಹದ ಗುಂಡನ್ನು ಕೂರಿಸುತ್ತಾರೆ. ಅದಕ್ಕಿಂತ ಕೆಳಗೆ ಮುರಿದಿದ್ದರೆ ಪ್ಲೇಟು ಮತ್ತು ಸ್ಕ್ರೂ ಅಥವಾ ಮೂಳೆಯ ಒಳಗೆ ಉದ್ದನೆಯ ರಾಡು ಹಾಕಿ ಜೋಡಿಸುತ್ತಾರೆ. ಯಾವ ಆಪರೇಷನ್ ಎಂಬುದನ್ನು ಮನೆಯವರು ಕೇಳಿ ತಿಳಿದಿರಲೇಬೇಕು, ಏಕೆಂದರೆ ಮುಂದಿನ ನಿಯಮಗಳು ಅದನ್ನು ಅವಲಂಬಿಸಿವೆ. ಇನ್ನೊಂದು ಪ್ರಶ್ನೆಯನ್ನೂ ತಪ್ಪದೆ ಕೇಳಿ: ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು? ಗುಂಡು ಬದಲಾಯಿಸಿದವರು ಹೆಚ್ಚಾಗಿ ಮೊದಲ ದಿನದಿಂದಲೇ ಪೂರ್ತಿ ಭಾರ ಹಾಕಬಹುದು. ರಾಡು, ಪ್ಲೇಟು ಹಾಕಿದವರಿಗೆ ಮುರಿತದ ಸ್ವರೂಪ ನೋಡಿ ಡಾಕ್ಟರು ಹೇಳುತ್ತಾರೆ.

ಹಾಸಿಗೆಯಲ್ಲೇ ಮಾಡುವ ವ್ಯಾಯಾಮಗಳು ಬಹಳ ಸರಳ. ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ಸಲ ಪಾದವನ್ನು ಮೇಲೆ ಕೆಳಗೆ ಆಡಿಸುವುದು. ಇದು ಮೀನಖಂಡದ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಮೊಣಕಾಲಿನ ಕೆಳಗೆ ಟವೆಲು ಸುತ್ತಿಟ್ಟು ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸುವವರೆಗೆ ಹಿಡಿದು ಬಿಡುವುದು. ಇದು ತೊಡೆಯ ಮುಂಭಾಗದ ಸ್ನಾಯುವನ್ನು ಉಳಿಸುತ್ತದೆ. ಕಫ ನಿಲ್ಲದಂತೆ ದೀರ್ಘ ಉಸಿರು. ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಸಾಧನವನ್ನು ಕೊಟ್ಟಿದ್ದರೆ ಅದನ್ನು ಊದುವುದಲ್ಲ, ಉಸಿರನ್ನು ಒಳಗೆಳೆಯಬೇಕು. ಎಷ್ಟೋ ಮನೆಗಳಲ್ಲಿ ಇದು ತಿರುಗಮುರುಗಾ ನಡೆಯುತ್ತದೆ.

ನೋವಿರುವುದು ಸಹಜ. ನೋವಿನ ಮಾತ್ರೆ ತೆಗೆದುಕೊಂಡರೆ ಗಾಯ ಮಾಯುವುದಿಲ್ಲವೆಂದು ಅದನ್ನು ಬದಿಗಿಡುವ ಹಿರಿಯರಿದ್ದಾರೆ. ನೋವು ತಗ್ಗದಿದ್ದರೆ ಅವರು ಏಳುವುದೇ ಇಲ್ಲ. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು ಕೊಡಬಹುದೇ ಎಂದು ಕೇಳಿಕೊಳ್ಳಿ.

ವಾಕರ್ ಮತ್ತು ಕೋಲು

ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ವಾಕರಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಪಕ್ಕದ ಮನೆಯವರಿಂದ ಕೇಳಿ ತಂದ ವಾಕರಾದರೆ ಕಾಲುಗಳ ಗುಂಡಿಯೊತ್ತಿ ಎತ್ತರ ಸರಿಮಾಡಿಕೊಳ್ಳಿ, ತಳದ ರಬ್ಬರು ಸವೆದಿದ್ದರೆ ಬದಲಿಸಿ. ಮೊದಲು ವಾಕರ್, ಆಮೇಲೆ ಪೆಟ್ಟಾದ ಕಾಲು, ಕೊನೆಗೆ ಒಳ್ಳೆಯ ಕಾಲು ಎಂಬುದು ಕ್ರಮ. ಕೋಲಿಗೆ ಬಂದಾಗ ಅದನ್ನು ಪೆಟ್ಟಾದ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಬಲಗಾಲು ಮುರಿದವರಿಗೆ ಬಲಗೈಯಲ್ಲೇ ಕೋಲು ಕೊಡುವುದು ನಮ್ಮಲ್ಲಿ ದಿನವೂ ಕಾಣುವ ತಪ್ಪು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು.

ಮನೆಗೆ ಬಂದ ಮೇಲೆ

ಕಷ್ಟ ಶುರುವಾಗುವುದು ಇಲ್ಲಿ. ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಪ್ರೀತಿಯಿಂದಲೇ ಹೋಂ ನರ್ಸನ್ನು ಇಟ್ಟು, ಅಮ್ಮನನ್ನು ಎಬ್ಬಿಸಬೇಡಿ, ಎಲ್ಲವನ್ನೂ ಹಾಸಿಗೆಗೇ ಕೊಡಿ ಎಂದು ಫೋನಿನಲ್ಲಿ ಹೇಳುತ್ತಾರೆ. ಮತ್ತೆ ಬಿದ್ದರೆ ತನ್ನ ಮೇಲೆ ಬರುತ್ತದೆಂಬ ಹೆದರಿಕೆಯಿಂದ ನರ್ಸೂ ಹಾಗೆಯೇ ಮಾಡುತ್ತಾಳೆ. ಆಸ್ಪತ್ರೆಯಲ್ಲಿ ಹತ್ತು ಹೆಜ್ಜೆ ನಡೆದಿದ್ದ ಅಮ್ಮ ತಿಂಗಳೊಳಗೆ ಹಾಸಿಗೆ ಹಿಡಿಯುತ್ತಾರೆ. ಇದು ಸೇವೆಯ ಕೊರತೆಯಿಂದಲ್ಲ, ಅತಿಯಾದ ಸೇವೆಯಿಂದ ಆಗುವ ಹಾನಿ. ಹಲ್ಲುಜ್ಜುವುದು, ಊಟ, ತಲೆ ಬಾಚುವುದು ಅವರೇ ಮಾಡಲಿ. ಊಟಕ್ಕೆ ಮೇಜಿನ ಬಳಿಗೆ, ಸಂಜೆ ಜಗಲಿಗೆ ನಡೆಸಿಕೊಂಡು ಬನ್ನಿ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಗುಂಡು ಬದಲಾಯಿಸಿದವರಿಗೆ, ವಿಶೇಷವಾಗಿ ಹಿಂಬದಿಯಿಂದ ಆಪರೇಷನ್ ಆಗಿದ್ದರೆ, ಮೊದಲ ಆರರಿಂದ ಹನ್ನೆರಡು ವಾರ ಕೆಲವು ನಿಷೇಧಗಳನ್ನು ಹೇಳುವುದುಂಟು: ನೆಲದ ಮೇಲೆ ಅಥವಾ ತಗ್ಗಿನ ಮಣೆಯ ಮೇಲೆ ಕೂರಬಾರದು, ಕಾಲಮೇಲೆ ಕಾಲು ಹಾಕಬಾರದು, ಕಾಲನ್ನು ಒಳಮುಖವಾಗಿ ತಿರುಚಬಾರದು, ಬಗ್ಗಿ ಚಪ್ಪಲಿ ತೆಗೆಯಬಾರದು. ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆ ಬೇಡವೇ ಬೇಡ. ಕಮೋಡ್ ಕುರ್ಚಿ ಬಾಡಿಗೆಗೂ ಸಿಗುತ್ತದೆ. ಚರ್ಚಿನಲ್ಲಿ ಮೊಣಕಾಲೂರಲು ಆಗುವುದಿಲ್ಲವೆಂದು ಪೂಜೆಗೆ ಬರುವುದನ್ನೇ ಬಿಟ್ಟ ಹಿರಿಯರಿದ್ದಾರೆ. ಕೂತೇ ಭಾಗವಹಿಸುವುದರಲ್ಲಿ ಕುಂದಿಲ್ಲ. ಬಾಗಿಲ ಬಳಿ ಕೈ ಇರುವ, ತುಸು ಎತ್ತರದ ಎರಡು ಕುರ್ಚಿಗಳಿದ್ದರೆ ಅವರಿಗೆ ಬಹಳ ಅನುಕೂಲ.

ಎಣ್ಣೆ ಹಾಕಿ ತಿಕ್ಕುವ ಬಗ್ಗೆ ಒಂದು ಮಾತು. ಮಾಯ್ದ ಚರ್ಮಕ್ಕೆ ಹಗುರವಾಗಿ ಎಣ್ಣೆ ಸವರಿದರೆ ತೊಂದರೆ ಇಲ್ಲ. ಆದರೆ ಹೊಸ ಮುರಿತವನ್ನು, ಅದರಲ್ಲೂ ಮೊಣಕೈ ಸುತ್ತಲಿನ ಪೆಟ್ಟನ್ನು, ಬಲವಾಗಿ ತಿಕ್ಕಿ ಎಳೆದರೆ ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಶಾಶ್ವತವಾಗಿ ಬಿಗಿಯಬಹುದು. ಪುತ್ತೂರು ಕಟ್ಟು ಎಂಬ ಬೋರ್ಡು ಎಲ್ಲೆಡೆ ಕಾಣುತ್ತದೆ (ಅದು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ ಪುತ್ತೂರು). ಸೊಂಟದ ಮುರಿತದ ಮಟ್ಟಿಗಂತೂ ಕಟ್ಟು ಹಾಕಿ ಕಾಯುವುದೆಂದರೆ ಹಾಸಿಗೆವಾಸವನ್ನು ಕರೆದಂತೆ. ಮೊದಲು ಎಕ್ಸ್‌ರೇ ಆಗಲಿ.

ಸೊಂಟದ ಮುರಿತ ಸಾಮಾನ್ಯವಾಗಿ ಕೂಡಿಕೊಳ್ಳಲು ಮೂರು ತಿಂಗಳಾದರೂ ಬೇಕು. ನಡಿಗೆಯ ಸುಧಾರಣೆ ಆರು ತಿಂಗಳು, ಕೆಲವರಲ್ಲಿ ವರ್ಷದವರೆಗೂ ಮುಂದುವರಿಯುತ್ತದೆ. ಎಲ್ಲರೂ ಮೊದಲಿನಂತಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಕೋಲಿಲ್ಲದೆ ನಡೆಯುತ್ತಿದ್ದ ಅನೇಕರು ಕೋಲಿಗೆ ಒಗ್ಗಿಕೊಳ್ಳಬೇಕಾಗುತ್ತದೆ. ಆದರೂ ಯಾರ ಸಹಾಯವಿಲ್ಲದೆ ಬಚ್ಚಲಿಗೆ ಹೋಗಿ ಬರುವಷ್ಟು ನಡೆದರೆ ಆ ಮನೆಯ ದಿನಚರಿಯೇ ಬೇರೆ.

ಫಿಸಿಯೋಥೆರಪಿಸ್ಟರು ದಿನವೂ ಮನೆಗೆ ಬರುವ ಖರ್ಚು ಎಲ್ಲರಿಗೂ ಸಾಧ್ಯವಿಲ್ಲ. ವಾರಕ್ಕೊಮ್ಮೆ ತೋರಿಸಿ, ಉಳಿದ ದಿನ ಮನೆಯವರೇ ಮಾಡಿಸುವ ಏರ್ಪಾಡೂ ಚೆನ್ನಾಗಿ ನಡೆಯುತ್ತದೆ. ವ್ಯಾಯಾಮಗಳನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಬರುವವರು ಬಿ.ಪಿ.ಟಿ. ಪದವಿ ಪಡೆದವರೇ ಎಂದು ಕೇಳಲು ಸಂಕೋಚ ಬೇಡ; ಸಂಸತ್ತು 2021ರಲ್ಲಿ ಒಪ್ಪಿದ ಆರೋಗ್ಯ ವೃತ್ತಿಗಳ ಕಾಯಿದೆ ಫಿಸಿಯೋಥೆರಪಿಯನ್ನೂ ಒಳಗೊಂಡಿದೆ. ವಾಳೆಯ ಗುರಿಕಾರರು, ರೋಗಿಗಳನ್ನು ಕಾಣಲು ಹೋಗುವ ಧರ್ಮಭಗಿನಿಯರು ಮತ್ತು ಕಾರ್ಯಕರ್ತರು, ಹೇಗಿದ್ದೀರಿ ಎಂದು ಕೇಳುವುದರ ಜೊತೆಗೆ ಇವತ್ತು ಎಷ್ಟು ಹೆಜ್ಜೆ ನಡೆದಿರಿ ಎಂದೂ ಕೇಳಿದರೆ ಒಳ್ಳೆಯದು.

ಒಂದು ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಹಠಾತ್ತನೆ ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ, ಗಾಯದಲ್ಲಿ ಕೀವು ಅಥವಾ ಜ್ವರ ಕಂಡರೆ, ಇದ್ದಕ್ಕಿದ್ದಂತೆ ತೀವ್ರ ನೋವಾಗಿ ಕಾಲು ಗಿಡ್ಡವಾದಂತೆ ಅಥವಾ ತಿರುಚಿದಂತೆ ಕಂಡರೆ ವ್ಯಾಯಾಮ ನಿಲ್ಲಿಸಿ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.