ಮುಂದಿನ ಅಚ್ಚು

ಚಕ್ಕಡಿಗೆ ಸ್ಟೇರಿಂಗ್ ಬೇಕಿಲ್ಲ. ಎತ್ತು ಹೊರಳಿದತ್ತ ಅದೂ ಹೊರಳುತ್ತದೆ. ನಾಲ್ಕು ಗಾಲಿಯ ಗಾಡಿಯದೇ ತಾಪತ್ರಯ. ಹೊರಳುವಾಗ ಒಳಬದಿಯ ಗಾಲಿ ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕು. ಮ್ಯೂನಿಕ್ಕಿನ ಸಾರೋಟು ಕಟ್ಟುವ ಲ್ಯಾಂಕೆನ್‌ಸ್ಪರ್ಗರ್ ಇದಕ್ಕೆ ಉಪಾಯ ಹುಡುಕಿದ. 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದ ಆಕರ್‌ಮನ್ನನ ಹೆಸರೇ ಉಳಿಯಿತು.

1941ರ ಯುದ್ಧದ ಜೀಪಿನಲ್ಲಿ ಮುಂದಿನ ಗಾಲಿ ತಿರುಗಿದರಷ್ಟೇ ಸಾಲದು, ಎಳೆಯಲೂ ಬೇಕಿತ್ತು. ಸ್ಟೇರಿಂಗ್ ಪೆಟ್ಟಿಗೆಯಿಂದ ಒಂದು ರಾಡು ಅಚ್ಚಿನ ನಡುವಿನ ಬೆಲ್‌ಕ್ರ್ಯಾಂಕಿಗೆ. ಅಲ್ಲಿಂದ ಎರಡು ಗಾಲಿಗೆ ಎರಡು ರಾಡು.

ನಮ್ಮ ಕಾಕಾನ ಬಳಿ ಅಂಥದೊಂದು ಹಳೆಯ ಜೀಪಿತ್ತು. 1986ರ ಶ್ರಾವಣ. ಅಜ್ಜಿಗೆ ರೈಲು ಹಿಡಿಸಲು ಮಲಪ್ರಭೆಯ ದಂಡೆಯ ಹೊಲದಿಂದ ಹೊಳೆಆಲೂರು ಸ್ಟೇಶನ್ನಿಗೆ ಹೊರಟಿದ್ದೆವು. ಕಾಕಾ ಸ್ಟೇರಿಂಗ್ ಹೊರಳಿಸಿದ, ಗಾಲಿ ಹೊರಳಲಿಲ್ಲ. ಗಾಡಿ ತಗ್ಗಿಗಿಳಿಯಿತು, ಅಜ್ಜಿಯ ಮುಂಗೈ ಮುರಿಯಿತು. ತಪ್ಪು ನಮ್ಮದೇ. ಎರಿಮಣ್ಣಿನ ರಾಡಿಯಲ್ಲಿ ಓಡಿಸಿ ಗ್ರೀಸು ಹೊಡೆಸುವುದನ್ನು ಮರೆತಿದ್ದೆವು. ಬೆಲ್‌ಕ್ರ್ಯಾಂಕಿನ ಪಿನ್ನು ಸವೆದು, ಕೀಲುಕೀಲಿನ ಸಡಿಲ ಕೂಡಿ, ಸ್ಟೇರಿಂಗ್ ಕಾಲು ಸುತ್ತು ಪುಕ್ಕಟೆ ತಿರುಗುತ್ತಿತ್ತು.

“ಕೀಲ ಹೆಚ್ಚಾದಷ್ಟ ಸಡ್ಲ ಹೆಚ್ಚರೀ” ಎಂದ ಗದಗಿನ ಮಿಸ್ತ್ರಿ. ಬೆಲ್‌ಕ್ರ್ಯಾಂಕ್ ಕಿತ್ತು, ಎರಡೂ ಗಾಲಿಗೆ ಒಂದೇ ಉದ್ದನೆಯ ಟೈ ರಾಡ್ ಹಾಕಿ, ಪೆಟ್ಟಿಗೆಯ ರಾಡನ್ನು ನೇರ ಅದಕ್ಕೇ ಜೋಡಿಸಿದ. ಕಿಂಗ್‌ಪಿನ್ ಬೇರಿಂಗು, ಆಯಿಲ್ ಸೀಲು ಹೊಸವು. ಈಗಿನ ಹುಡುಗರು ಹಳೆಯ ಜೀಪಿಗೆ ದಪ್ಪ ಅಚ್ಚು, ಡಿಸ್ಕ್ ಬ್ರೇಕು, ಪವರ್ ಸ್ಟೇರಿಂಗ್ ಕೂಡಿಸುತ್ತಾರೆ. ಕೈಗೆ ಸುಖ, ನಿಜ. ಆದರೆ ಕೀಲು ಸವೆದಿದ್ದರೆ ಆ ಸುಖದಲ್ಲಿ ಸಡಿಲ ಗೊತ್ತೇ ಆಗುವುದಿಲ್ಲ.

ಜೀಪು ಮನೆಗೆ ಬಂದ ದಿನ ಕಾಕಾ, “ಯವ್ವಾ, ಒಂದ ಸುತ್ತ ಹೋಗಿ ಬರೂಣ ಬಾ” ಎಂದ. ಅಜ್ಜಿ ಪಟ್ಟಿ ಕಟ್ಟಿದ ಕೈ ತೋರಿಸಿ, ಸ್ಟೇಶನ್ನಿಗೆ ಚಕ್ಕಡಿ ಹೂಡಿಸಿದಳು.