ಕಾರ್ಡಿನ ಕೊನೆಯ ಅಂಕಿ

ಕ್ರೆಡಿಟ್ ಕಾರ್ಡಿನ ಮೇಲಿರುವ ಸಂಖ್ಯೆಯನ್ನು ಬ್ಯಾಂಕು ತನಗೆ ತೋಚಿದಂತೆ ಕೊಟ್ಟಿದೆ ಎಂದೇ ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ವಾಸ್ತವದಲ್ಲಿ ಅದರ ಪ್ರತಿಯೊಂದು ಅಂಕಿಗೂ ಗೊತ್ತುಪಡಿಸಿದ ಸ್ಥಾನವಿದೆ. ಕೊನೆಯ ಅಂಕಿಗಂತೂ ಸ್ವಾರಸ್ಯಕರವಾದ ಇತಿಹಾಸವಿದೆ.

1950ರಲ್ಲಿ ಅಮೆರಿಕದಲ್ಲಿ ಡೈನರ್ಸ್ ಕ್ಲಬ್ ಕಾರ್ಡ್ ಬಂತು. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ, ಕ್ಯಾಲಿಫೋರ್ನಿಯಾದ ಫ್ರೆಸ್ನೋ ನಗರದಲ್ಲಿ ಯಾರೂ ಕೇಳದಿದ್ದರೂ ಸುಮಾರು 60,000 ಕಾರ್ಡುಗಳನ್ನು ಅಂಚೆಯಲ್ಲಿ ಕಳಿಸಿತು. 1976ರಲ್ಲಿ ವೀಸಾ ಎಂಬ ಹೆಸರು ಪಡೆದದ್ದು ಇದೇ ಕಾರ್ಡು. ಅಂದಿನ ವ್ಯವಹಾರವೆಲ್ಲ ಕಾಗದದ ಚೀಟಿಗಳಲ್ಲಿ. ಗುಮಾಸ್ತನ ಕೈಯಲ್ಲಿ ಒಂದು ಅಂಕಿ ಅದಲು ಬದಲಾದರೆ ಒಬ್ಬನ ಸಾಲ ಇನ್ನೊಬ್ಬನ ತಲೆಗೆ ಬೀಳುವ ಅಪಾಯವಿತ್ತು.

ಈ ರೋಗಕ್ಕೆ ಮದ್ದು ಅದಾಗಲೇ ಸಿದ್ಧವಾಗಿತ್ತು. ಜರ್ಮನಿಯ ಬಾರ್ಮೆನ್‌ನಲ್ಲಿ 1896ರಲ್ಲಿ ಮುದ್ರಕರೊಬ್ಬರ ಮಗನಾಗಿ ಹುಟ್ಟಿದ ಹ್ಯಾನ್ಸ್ ಪೀಟರ್ ಲೂನ್, ಅಮೆರಿಕದ ಐಬಿಎಂ ಕಂಪೆನಿಯಲ್ಲಿ ಸಂಶೋಧಕರಾಗಿದ್ದರು. ಸಂಖ್ಯೆಗಳನ್ನು ತಾಳೆ ನೋಡುವ ಪುಟ್ಟ ಯಂತ್ರವೊಂದಕ್ಕೆ ಅವರು 1954ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದರು. 1960ರಲ್ಲಿ ಅದು ಮಂಜೂರಾಯಿತು. ಅದರ ಲೆಕ್ಕ ಸರಳ. ಬಲಗಡೆಯಿಂದ ಎಣಿಸುತ್ತಾ ಎರಡನೆಯ, ನಾಲ್ಕನೆಯ, ಆರನೆಯ ಹೀಗೆ ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿಗೊಳಿಸಬೇಕು. ಎರಡಂಕಿಯ ಸಂಖ್ಯೆ ಬಂದರೆ ಆ ಎರಡನ್ನೂ ಕೂಡಿಸಿ ಒಂದಾಗಿಸಬೇಕು. ಕೊನೆಗೆ ಎಲ್ಲದರ ಮೊತ್ತ 10ರಿಂದ ಶೇಷವಿಲ್ಲದೆ ಭಾಗವಾಗಬೇಕು. ಹಾಗಾಗುವಂತೆ ಆರಿಸಿ ಇಟ್ಟದ್ದೇ ಕೊನೆಯ ಅಂಕಿ.

ಯಂತ್ರಗಳ ಪರೀಕ್ಷೆಗೆಂದೇ ಬಳಸುವ 4111 1111 1111 1111 ಎಂಬ ಸಂಖ್ಯೆಯನ್ನು ನೋಡಿ. ಇಮ್ಮಡಿಸಿದ ಅಂಕಿಗಳ ಮೊತ್ತ 22, ಉಳಿದವುಗಳದ್ದು 8, ಒಟ್ಟು 30. ಸಂಖ್ಯೆ ಸರಿ. ಕೊನೆಯ 1ರ ಬದಲು 2 ಒತ್ತಿದರೆ ಮೊತ್ತ 31. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಯಾವುದೇ ಒಂದು ಅಂಕಿ ತಪ್ಪಿದರೂ ಈ ಲೆಕ್ಕ ಹಿಡಿಯುತ್ತದೆ. ಆದರೆ ಅಕ್ಕಪಕ್ಕದ 09 ಎಂಬುದು 90 ಆದರೆ ಮಾತ್ರ ಅದಕ್ಕೆ ತಿಳಿಯದು.

ಮುಂದೆ ಅಂತಾರಾಷ್ಟ್ರೀಯ ಮಾನಕ ಸಂಸ್ಥೆ ಉಳಿದ ಅಂಕಿಗಳಿಗೂ ನಿಯಮ ರೂಪಿಸಿತು. ಮೊದಲ ಅಂಕಿ ಉದ್ಯಮದ ಗುರುತು. ವೀಸಾ 4ರಿಂದ, ಅಮೆರಿಕನ್ ಎಕ್ಸ್‌ಪ್ರೆಸ್ 3ರಿಂದ ಆರಂಭವಾಗುತ್ತವೆ. ನಮ್ಮ ರುಪೇ ಕಾರ್ಡುಗಳಲ್ಲಿ ಬಹಳಷ್ಟು 6ರಿಂದ ಆರಂಭ. ಮೊದಲ ಆರು ಅಂಕಿಗಳು ಕಾರ್ಡು ಕೊಟ್ಟ ಸಂಸ್ಥೆಯನ್ನು ಸೂಚಿಸುತ್ತಿದ್ದವು. 2017ರ ಪರಿಷ್ಕರಣೆ ಅದನ್ನು ಎಂಟಕ್ಕೆ ಏರಿಸಿತು. ಅದರ ನಂತರದ್ದು ಗ್ರಾಹಕನ ಖಾತೆಯ ಗುರುತು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಲೂನ್‌ರ ಲೆಕ್ಕ ಕೈತಪ್ಪನ್ನು ಹಿಡಿಯುತ್ತದೆಯೇ ಹೊರತು ಕಳ್ಳನನ್ನಲ್ಲ. ಸೂತ್ರ ಎಲ್ಲರಿಗೂ ತಿಳಿದದ್ದು, ಮೊದಲ ಅಂಕಿಗಳೂ ಗುಟ್ಟಲ್ಲ. ಅದಕ್ಕೆಂದೇ 2022ರ ಅಕ್ಟೋಬರ್‌ನಿಂದ ಅಂತರ್ಜಾಲದ ವ್ಯಾಪಾರಿಗಳು ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ಉಳಿಸಿಕೊಳ್ಳದಂತೆ ರಿಸರ್ವ್ ಬ್ಯಾಂಕ್ ತಡೆದಿದೆ. ಆದರೂ ಅಪರಿಚಿತನೊಬ್ಬ ಫೋನಿನಲ್ಲಿ ಕಾರ್ಡಿನ ಮೊದಲ ನಾಲ್ಕು ಅಂಕಿ ಹೇಳಿದೊಡನೆ ಅವನು ಬ್ಯಾಂಕಿನವನೇ ಎಂದು ನಂಬಿ ಉಳಿದುದನ್ನೆಲ್ಲ ಒಪ್ಪಿಸುವವರಿದ್ದಾರೆ. ಆ ಅಂಕಿಗಳು ಅದೇ ಬ್ಯಾಂಕಿನ ಸಾವಿರಾರು ಗ್ರಾಹಕರ ಕಾರ್ಡುಗಳಲ್ಲೂ ಇವೆ ಎಂಬುದು ತಿಳಿದಿದ್ದರೆ ಎಷ್ಟೋ ಮನೆಗಳ ಉಳಿತಾಯ ಉಳಿಯುತ್ತಿತ್ತು.